ಹಗ್ಗ ಮುಟ್ಟಿದವನ ಪಾಲು

ಗೇರುಬೀಜದ ಸಿಪ್ಪೆಯಿಂದ ತೆಗೆದ ಎಣ್ಣೆಗೆ ಮೂಗು ಸುಡುವಂಥ ವಾಸನೆ ಇದೆ. ಮರಕ್ಕೆ ಹುಳ ಹಿಡಿಯದಿರಲೆಂದು ಮಳೆಗಾಲಕ್ಕೆ ಮೊದಲು ಅದನ್ನು ದೋಣಿಗೆ ಬಳಿಯುತ್ತೇವೆ. ಮೈಗೆ ತಾಗಿದರೆ ಚರ್ಮ ಸುಲಿದುಹೋಗುತ್ತದೆ. ಮೊನ್ನೆ ಬೈಂದೂರಿನ ನಮ್ಮ ಕಡಲ ಬದಿಯಲ್ಲಿ ಭಾಸ್ಕರ ಮಗುಚಿ ಹಾಕಿದ ದೋಣಿಗೆ ಅದನ್ನು ಬಳಿಯುತ್ತಿದ್ದ. ನಾನು ಪಕ್ಕದ ದಿಮ್ಮಿಯ ಮೇಲೆ ಕುಳಿತಿದ್ದೆ. ನನ್ನ ತಂಗಿಯ ಮಗ ಉದಯ ತನ್ನ ಮಗಳ ಕೈ ಹಿಡಿದುಕೊಂಡು ಹೊಳೆಯ ಕಡೆ ಹೊರಟಿದ್ದ. ಮಗುವಿನ ಹೆಗಲ ಮೇಲೊಂದು ಟವೆಲು.

"ಹ್ವಾಯ್ ಉದಯ, ಎಲ್ಲಿಗ್ ಹೋಪುದ್?" ಎಂದು ಭಾಸ್ಕರ ಕೇಳಿದ.

"ಮಗಳಿಗ್ ಈಸ್ ಕಲ್ಸುಕೆ."

"ಬೇಡ ಮಾರಾಯ. ನಿನ್ ಅಬ್ಬಿ ಸುಶೀಲಕ್ಕ ಈಸ್ ಕಲ್ಸುಕ್ ಹೋಯಿ ನಿನ್ ಕೈ ಹಾಳ್ ಮಾಡ್ದ್ ಸಾಕಾಯ್ಲಿಲ್ಯಾ?"

ಉದಯನ ಬಲಗೈ ಮೊಣಕೈಯಲ್ಲಿ ಕುಡುಗೋಲಿನ ಹಾಗೆ ಬಾಗಿದೆ, ನೆಟ್ಟಗಾಗುವುದಿಲ್ಲ. ಅವನು ಒಂದು ಗಳಿಗೆ ನನ್ನ ಮುಖ ನೋಡಿದ. ಆಮೇಲೆ ಭಾಸ್ಕರನ ಕಡೆ ತಿರುಗಿ ನಕ್ಕು, "ನೀವ್ ಎಣ್ಣಿ ಬಳಿನಿ ಭಾಸ್ಕರಣ್ಣ" ಎಂದು ಹೇಳಿ ನಡೆದ.

ನಾನು ಬಾಯಿ ಬಿಡಲಿಲ್ಲ. ಎದ್ದು ಮನೆಗೆ ಬಂದೆ. ಭಾಸ್ಕರ ಹೇಳಿದ್ದು ಸುಳ್ಳು. ಆದರೆ ಅದು ಅವನ ಸುಳ್ಳಲ್ಲ, ನನ್ನದು. ಎರಡು ಸಾವಿರದ ಮೂರನೇ ಇಸವಿಯ ಮಳೆಗಾಲದಲ್ಲಿ ನಾನು ಹುಟ್ಟಿಸಿದ್ದು. ನನ್ನ ತಂಗಿ ಸುಶೀಲ ಅದನ್ನು ಹೊತ್ತುಕೊಂಡೇ ಸತ್ತಳು. ಅದನ್ನು ನಂಬಿದವರು ಊರೆಲ್ಲ ಇದ್ದಾರೆ, ಅವರ ಮನೆಮನೆಗೆ ಹೋಗಿ ಹೇಳುವಷ್ಟು ಕಾಲು ನನಗೀಗ ಇಲ್ಲ. ಅದಕ್ಕೆ ಬರೆಯುತ್ತಿದ್ದೇನೆ.

ನಮ್ಮದು ಮೀನುಗಾರರ ಮನೆ. ನಮ್ಮಲ್ಲಿ ಬಳಿ, ಅಂದರೆ ಕುಲ, ತಾಯಿಯಿಂದ ಬರುತ್ತದೆ. ತಂಗಿಯ ಮಗ ಮನೆಯ ಮುಂದಿನ ಯಜಮಾನ. ಮನೆತನ ಬಂದ ದಾರಿಯಲ್ಲೇ ನಮ್ಮ ಮನೆಗೆ ಒಂದು ಕಾಯಿಲೆಯೂ ಬಂತು. ಹೆಂಗಸರು ಅದನ್ನು ಗೊತ್ತಿಲ್ಲದೆ ಹೊರುತ್ತಾರೆ, ಗಂಡುಮಕ್ಕಳು ಸಾಯುತ್ತಾರೆ. ಗಾಯವಾದರೆ ರಕ್ತ ಹೆಪ್ಪುಗಟ್ಟುವುದಿಲ್ಲ.

ನನ್ನ ತಮ್ಮ ನಾರಾಯಣನ ದವಡೆಯ ಹಲ್ಲೊಂದು ಕೀಳಿಸಿದ್ದಷ್ಟೇ. ಆಗಿನ್ನೂ ಅವನಿಗೆ ಮೀಸೆ ಚಿಗುರುತ್ತಿತ್ತು. ರಕ್ತ ನಿಲ್ಲಲಿಲ್ಲ. ಬಾಯಿಗೆ ಬಟ್ಟೆ ತುರುಕಿದೆವು, ಕಾಫಿಪುಡಿ ಒತ್ತಿದೆವು. ಬಟ್ಟೆ ನೆನೆದು ಗಲ್ಲದಿಂದ ಇಳಿಯುತ್ತಿತ್ತು. ಅವನು ರಕ್ತ ನುಂಗುತ್ತಿದ್ದ, ನುಂಗಿದ್ದನ್ನು ಕಪ್ಪಗೆ ವಾಂತಿ ಮಾಡುತ್ತಿದ್ದ. ಅವನ ತಲೆ ನನ್ನ ತೊಡೆಯ ಮೇಲಿತ್ತು. ಕೊನೆಯ ಹೊತ್ತಿಗೆ ಮೀನಿನ ಹೊಟ್ಟೆಯ ಹಾಗೆ ಬೆಳ್ಳಗಾಗಿದ್ದ. ಸುಶೀಲ ಆಗ ಲಂಗ ತೊಡುವ ಹುಡುಗಿ. ಬಾಗಿಲ ಮರೆಯಲ್ಲಿ ನಿಂತು ಎಲ್ಲವನ್ನೂ ನೋಡಿದ್ದಳು.

ಅವಳ ಮಗ ಉದಯ ಒಂದನೇ ಕ್ಲಾಸಿನಲ್ಲಿದ್ದಾಗ ಬಿದ್ದು ಮೊಣಕಾಲು ತೆಂಗಿನಕಾಯಿಯಷ್ಟು ಊದಿತು. ದೊಡ್ಡ ಆಸ್ಪತ್ರೆಗೆ ಒಯ್ದೆವು. ರಕ್ತ ಪರೀಕ್ಷೆ ಮಾಡಿ ಹೀಮೋಫಿಲಿಯಾ ಎಂದರು. ಮೂಗಿನ ತುದಿಗೆ ಕನ್ನಡಕ ಇಳಿಸಿಕೊಂಡ ಆ ಡಾಕ್ಟರು ನಿಧಾನವಾಗಿ ತಿಳಿಸಿ ಹೇಳಿದರು: "ಪೆಟ್ಟು ಬೀಳುವ ಆಟ ಬೇಡ. ಹಾಗಂತ ಸುಮ್ಮನೆ ಕೂರಿಸಿಯೂ ಇಡಬೇಡಿ. ಮಾಂಸಖಂಡ ಗಟ್ಟಿಯಾದಷ್ಟೂ ಕೀಲಿನೊಳಗೆ ರಕ್ತ ಸೋರುವುದು ಕಡಿಮೆಯಾಗುತ್ತದೆ. ಈಜು ಕಲಿಸಿ, ಒಳ್ಳೆಯದು. ಏನಾದರೂ ಆದರೆ ಐಸ್ ಇಟ್ಟು ತಕ್ಷಣ ಕರೆದುಕೊಂಡು ಬನ್ನಿ."

ಇಷ್ಟು ಮಾತಿನಲ್ಲಿ ನಾನು ಮನೆಗೆ ತಂದದ್ದು ಮೊದಲನೆಯದನ್ನು ಮಾತ್ರ.

ಉದಯನ ಅಪ್ಪ ಮುಂಬಯಿಯ ಹೋಟೆಲಿನಲ್ಲಿದ್ದರು, ವರ್ಷಕ್ಕೊಮ್ಮೆ ಬರುವವರು. ಹುಡುಗನನ್ನು ಕಾಯುವುದು ಮಾವನಾದ ನನ್ನ ಕೆಲಸ. ನಾನು ಜಗಲಿಯ ಕಂಬಗಳಿಗೆಲ್ಲ ಹಳೆಯ ಬಲೆ ಸುತ್ತಿದೆ. ಕತ್ತಿ, ಕಾಯಿ ತುರಿಯುವ ಹೆರೆಮಣೆ ಎಲ್ಲ ಅಟ್ಟಕ್ಕೆ ಹೋದವು. ಭಾವ ಒಂದು ಸಲ ಸೈಕಲ್ ತಂದುಕೊಟ್ಟರು. ಅವರು ವಾಪಸು ಬಸ್ಸು ಹತ್ತಿದ ದಿನವೇ ಅದನ್ನು ಅಂಗಳಕ್ಕೆಳೆದು ಕೊಡಲಿಯಿಂದ ಒಡೆದು ಹಾಕಿದೆ. ಹುಡುಗ ಮೆಟ್ಟಿಲ ಮೇಲೆ ಕೂತು ನೋಡುತ್ತಿದ್ದ, ಅಳಲಿಲ್ಲ. ಮೀನಿನ ಮುಳ್ಳು ಗಂಟಲಿಗೆ ಚುಚ್ಚೀತೆಂದು ದಿನವೂ ನಾನೇ ಅವನ ತಟ್ಟೆಗೆ ಕೈ ಹಾಕಿ ಬಿಡಿಸುತ್ತಿದ್ದೆ. ಅವನು ಹೈಸ್ಕೂಲಿಗೆ ಬಂದ ಮೇಲೂ ಬಿಡಲಿಲ್ಲ. ನಾನು ಮುಳ್ಳು ಬಿಡಿಸಿ ಮುಗಿಸುವವರೆಗೆ ಮುಖ ಆಚೆ ತಿರುಗಿಸಿ ಕಾಯುತ್ತಿದ್ದ.

ಅವನಿಗೆ ಬೇಕಾದದ್ದು ಒಂದೇ. ನಮ್ಮ ಕಡಲಲ್ಲಿ ಕೈರಂಪಣಿ ಎಂಬ ಉದ್ದದ ಬಲೆ ಇದೆ. ದೋಣಿಯಲ್ಲಿ ಹೋಗಿ ಅದನ್ನು ಕಮಾನಿನಂತೆ ಬಿಟ್ಟು ಬಂದು, ಎರಡು ತುದಿಯ ಹಗ್ಗಗಳನ್ನು ದಡದಲ್ಲಿ ನಿಂತು ಊರವರೆಲ್ಲ ಎಳೆಯುತ್ತಾರೆ. ಹಗ್ಗ ಮುಟ್ಟಿದವನಿಗೆ ಪಾಲು. ಮುದುಕನಾಗಲಿ ಹುಡುಗನಾಗಲಿ, ಎಳೆದವನ ಮುಂದೆ ಮರಳ ಮೇಲೆ ಅವನ ಮೀನಿನ ಗುಡ್ಡೆ ಬೀಳುತ್ತದೆ. ಬಲೆಯ ತಂಡೇಲ, ಅಂದರೆ ಮುಂದಾಳು, ನಾನೇ. ಉದಯನ ಹೆಸರಲ್ಲೂ ಒಂದು ಪಾಲು ತೆಗೆದು ಮನೆಗೆ ತರುತ್ತಿದ್ದೆ. ಆ ವರ್ಷದ ಬೇಸಗೆಯಲ್ಲಿ ಅವನು ಬುಟ್ಟಿಯನ್ನು ಕಾಲಿನಿಂದ ದೂಡಿದ.

"ನಾ ಹಗ್ಗ ಮುಟ್ಲಿಲ್ಲ. ಈ ಮೀನ್ ನಂದಲ್ಲ."

"ನಿನ್ ಮಾವ ಎಳ್ದಿದ್ದ. ಸುಮ್ನೆ ತಿನ್" ಎಂದೆ.

"ನೀವ್ ಎಳ್ದದ್ ನೀವ್ ತಿನ್ನಿ. ನಂಗೆ ನನ್ ಪಾಲ್ ಬೇಕ್."

ಹಗ್ಗ ಅಂಗೈಯನ್ನು ಕುಯ್ಯುತ್ತದೆ. ಅಲೆ ಎಳೆದರೆ ಗಟ್ಟಿ ಆಳುಗಳೇ ಒಬ್ಬರ ಮೇಲೊಬ್ಬರು ಬೀಳುತ್ತಾರೆ. ಆಗುವುದಿಲ್ಲ ಎಂದೆ. ಅಷ್ಟಕ್ಕೇ ಬಿಟ್ಟೆ.

ಜೂನ್ ತಿಂಗಳಲ್ಲಿ ಶಾಲೆ ಶುರುವಾಯಿತು. ಒಂದು ಸಂಜೆ ಮಕ್ಕಳು ಕೆಸರಲ್ಲಿ ಕಬಡ್ಡಿ ಆಡುತ್ತಿದ್ದರು. ಉದಯ ಗೆರೆಯ ಹೊರಗೆ ನಿಂತಿದ್ದವನು ಹೇಗೋ ಒಳಗೆ ಹೋದ. ಭಾಸ್ಕರನ ಮಗ ಸತೀಶ ಅವನ ಸೊಂಟಕ್ಕೆ ಕೈ ಹಾಕಿ ಹಿಡಿದ. ಉದಯನನ್ನು ಕರೆದೊಯ್ಯಲು ಬಂದ ನನ್ನ ಕಣ್ಣೆದುರಿಗೇ ಇದು ನಡೆಯಿತು. ನಾನು ಬೇಲಿ ಹಾರಿ ಸತೀಶನ ಕುತ್ತಿಗೆ ಹಿಡಿದೆ. ಕೊಡೆಯ ಕೋಲು ಮುರಿಯುವ ತನಕ ಬಡಿದೆ. ಕೋಲು ಮುರಿದ ಮೇಲೆ ಕೈಯಿಂದ ಬಡಿದೆ. ಹುಡುಗನ ಹುಬ್ಬು ಒಡೆದು ಕಣ್ಣು ಮುಚ್ಚಿತು. ಉದಯನ ಮೈಮೇಲೆ ಒಂದು ಗೀರೂ ಇರಲಿಲ್ಲ.

ಮರುದಿನ ಭಾಸ್ಕರ ನಮ್ಮ ಅಂಗಳಕ್ಕೆ ಬಂದ. ಕೈಯಲ್ಲಿ ಮೀನು ಕುಯ್ಯುವ ಕತ್ತಿ ಇತ್ತು.

"ಹ್ವಾಯ್ ತಂಡೇಲ್ರೆ! ನಿಮ್ ಅಳಿಯನ ಮೈಯಂಗೆ ಮಾತ್ರ ರಕ್ತ ಇಪ್ಪುದಾ? ನನ್ ಮಗನ ಮೈಯಂಗೆ ಎಂತ ಉಪ್ಪುನೀರಾ?"

ಸುಶೀಲ ಅಡ್ಡ ನಿಂತು ಅವನ ಕಾಲು ಹಿಡಿದಳು. ಭಾಸ್ಕರ ಕತ್ತಿಯನ್ನು ನಮ್ಮ ಜಗಲಿಯ ಕಂಬಕ್ಕೆ ಒಮ್ಮೆ ಬೀಸಿ ಹೋದ. ನಾನು ಸುತ್ತಿದ ಬಲೆ ಹರಿದು ಮರದಲ್ಲಿ ಗಾಯ ಬಿತ್ತು. ಆಮೇಲೆ ಶಾಲೆಯಲ್ಲಿ ಯಾವ ಹುಡುಗನೂ ಉದಯನನ್ನು ಮುಟ್ಟಲಿಲ್ಲ. ಬೆಂಚಿನಲ್ಲಿ ಪಕ್ಕ ಕೂರಲೂ ಹೆದರಿದರು. ನನಗೆ ಸಮಾಧಾನವಾಯಿತು. ಇದನ್ನು ಈಗ ಬರೆಯಲು ನಾಚಿಕೆಯಾಗುತ್ತದೆ, ಆದರೆ ನನಗೆ ಆಗ ನಿಜವಾಗಿಯೂ ಸಮಾಧಾನವಾಯಿತು.

ಸುಶೀಲ ಬೈಂದೂರು ಪೇಟೆಯಲ್ಲಿ ಮೀನು ಮಾರುತ್ತಿದ್ದಳು. ಒಂದು ದಿನ ಬುಟ್ಟಿ ಇಳಿಸಿ, ಒದ್ದೆ ಸೆರಗಿನಲ್ಲೇ ಅಡಿಗೆಮನೆಯ ಬಾಗಿಲಲ್ಲಿ ನಿಂತಳು.

"ಅಣ್ಣ, ಡಾಕ್ಟ್ರೇ ಹೇಳಿರ್ ಅಲ್ದಾ, ಈಸ್ ಕಲ್ಸಿ ಅಂದೇಳಿ. ಕಾಲ್ ಕಾಣ್ ಅವ್ನದ್, ಹಂಚಿಕಡ್ಡಿ ಕಣೆಗ್ ಸಪೂರ ಆಯ್ತ್."

"ಡಾಕ್ಟ್ರಿಗ್ ನಮ್ ಕಡ್ಲ್ ಗೊತ್ತಿತ್ತಾ?"

"ಕಡ್ಲ್ ಬೇಡ. ಹೊಳಿ ಸಾಕ್."

"ನಾರಾಯಣನ್ನ ಮರ್ತ್ಯಾ ನೀನ್?"

"ನಾ ಮರಿಲಿಲ್ಲ" ಎಂದಳು. "ಅವ ಒಂದ್ಸಲ ಸತ್ತ. ಇವನ್ನ ನೀನ್ ದಿನಾ ಸಾಯ್ಸ್ತೆ."

ನಾನು ಕೈಯಲ್ಲಿದ್ದ ಊಟದ ಪಿಂಗಾಣಿ ತಟ್ಟೆಯನ್ನು ಗೋಡೆಗೆ ಎಸೆದೆ. ಸಾರು ಅವಳ ಕಾಲವರೆಗೆ ಸಿಡಿಯಿತು. ಅವಳು ಬಗ್ಗಿ ಚೂರುಗಳನ್ನು ಹೆಕ್ಕಿದಳು, ಮಗನ ಕಾಲಿಗೆ ಚುಚ್ಚದಿರಲಿ ಎಂದು ಒಂದೊಂದಾಗಿ.

ಮಳೆಗಾಲದಲ್ಲಿ ದೊಡ್ಡ ಬೋಟುಗಳು ನಿಲ್ಲುತ್ತವೆ. ಅಲೆ ಸ್ವಲ್ಪ ತಗ್ಗಿದರೆ ನಮ್ಮ ನಾಡದೋಣಿಗಳು ಇಳಿಯುತ್ತವೆ. ಆ ದಿನ ತಗ್ಗಿದಂತೆ ಕಂಡಿತು, ಇಳಿದೆವು. ತೀರದ ಬಳಿ ಒಡೆಯುವ ಅಲೆಯನ್ನು ದಾಟುವ ಮೊದಲೇ ಇನ್ನೊಂದು ಗೋಡೆಯ ಹಾಗೆ ಎದ್ದು ಬಂತು. ದೋಣಿ ಮೂತಿ ಮೇಲೆತ್ತಿ ನಿಂತು ಹಿಂದಕ್ಕೆ ಮಗುಚಿತು. ಎಂಜಿನ್ ಹೋಯಿತು, ಬಲೆ ಹೋಯಿತು. ಹಲಗೆ ಸೀಳಿದ ಸದ್ದು ನೀರಿನೊಳಗೂ ಕೇಳಿಸಿತು. ನನ್ನ ಜೊತೆಗಿದ್ದ ಶೀನನ ಪಕ್ಕೆಲುಬು ಮುರಿದು ಬಾಯಿಂದ ನೊರೆ ಬರುತ್ತಿತ್ತು. ಅವನ ಕೂದಲು ಹಿಡಿದು ದಡಕ್ಕೆ ಎಳೆದು ತಂದೆ. ಜನ ಅವನನ್ನು ಎತ್ತಿಕೊಂಡು ಹೋದರು. ಮುರಿದ ದೋಣಿಯಿಂದ ನನ್ನ ಕೈಗೆ ಉಳಿದದ್ದು ಒಂದು ಹುಟ್ಟು. ಅದನ್ನೇ ಊರಿಕೊಂಡು, ಕುಡಿದ ಉಪ್ಪುನೀರು ಕಾರುತ್ತ, ಹೊಳೆಯ ಬದಿಯ ದಾರಿಯಿಂದ ಮನೆಗೆ ಹೊರಟೆ.

ಹೊಳೆಯ ಉಪ್ಪುನೀರಲ್ಲಿ ಬೆಳೆಯುವ ಕಾಂಡ್ಲ ಗಿಡಗಳ ಮರೆಯಲ್ಲಿ, ನೀರು ಸುಳಿಯದ ಜಾಗದಲ್ಲಿ ಅವರಿಬ್ಬರೂ ಇದ್ದರು. ಸುಶೀಲ ಸೀರೆ ಎತ್ತಿ ಕಟ್ಟಿ ಸೊಂಟದವರೆಗಿನ ನೀರಲ್ಲಿ ನಿಂತಿದ್ದಳು. ಉದಯನ ಹೊಟ್ಟೆಯಡಿಗೆ ಅವಳ ಅಂಗೈ ಇತ್ತು. "ಕೈ ತೆಗಿತೆ, ಹೋ!" ಎಂದು ಕೂಗಿ ತೆಗೆದಳು. ಅವನು ಮುಳುಗಲಿಲ್ಲ. ನೀರನ್ನು ಎರಡೂ ಕೈಯಿಂದ ಹಿಂದಕ್ಕೆ ತಳ್ಳಿ, ಉಸಿರಿಗೆ ಮುಖ ತಿರುಗಿಸಿ, ಆಚೆ ದಡ ಮುಟ್ಟಿ ತಿರುಗಿ ಬಂದ. ನಾನಿಲ್ಲದ ಹೊತ್ತುಗಳಲ್ಲಿ ಎಷ್ಟೋ ದಿನದಿಂದ ಕಲಿಸಿದ್ದಿರಬೇಕು. ಚೆನ್ನಾಗಿ ಈಜುತ್ತಿದ್ದ. ಅದನ್ನು ನಾನು ನೋಡಿದೆ. ನೋಡಿಯೇ ಹೊಡೆದೆ.

ಅವರು ದಡ ಹತ್ತುತ್ತಿದ್ದರು. ಮಗನ ತಲೆ ಒರೆಸುತ್ತ ಅವಳು ನಗುತ್ತಿದ್ದಳು. ಹುಟ್ಟನ್ನು ಎರಡೂ ಕೈಯಲ್ಲಿ ಎತ್ತಿ ನಾನು ಬೀಸಿದ್ದು ಅವಳ ಬೆನ್ನಿಗೆ. ಉದಯ ಕಂಡ. "ಮಾವಾ!" ಎಂದು ಕೈ ಅಡ್ಡ ಕೊಟ್ಟು ಮಧ್ಯೆ ಬಂದ. ಪೆಟ್ಟು ಅವನ ಬಲ ಮೊಣಕೈ ಮೇಲೆ ಬಿತ್ತು. ಅವನು ಮುಗ್ಗರಿಸಿ ಕಲ್ಲಿನ ಮೇಲೆ ಗಲ್ಲ ಊರಿ ಬಿದ್ದ. ಹಲ್ಲಿಗೆ ಸಿಕ್ಕಿ ನಾಲಗೆ ಕುಯ್ದುಹೋಯಿತು. ಬಾಯಿ ತೆರೆದಾಗ ರಕ್ತ ಗಲ್ಲದಿಂದ ಇಳಿಯಿತು, ನಾರಾಯಣನದು ಇಳಿದ ಹಾಗೆಯೇ.

ಸುಶೀಲ ಸೆರಗನ್ನು ಉಂಡೆ ಮಾಡಿ ಮಗನ ಬಾಯಿಗೆ ಒತ್ತಿ, "ಐಸ್! ಐಸ್ ತಕಂಡ್ ಬಾ!" ಎಂದು ಕಿರುಚಿದಳು. ಡಾಕ್ಟರ ಮಾತು ಪೂರ್ತಿ ನೆನಪಿದ್ದದ್ದು ಅವಳಿಗೆ.

ಐಸ್ ಇದ್ದದ್ದು ಭಾಸ್ಕರನ ಮೀನು ಟೆಂಪೋದಲ್ಲಿ. ಹುಡುಗನನ್ನು ಎತ್ತಿಕೊಂಡು ಓಡಿ ರಸ್ತೆಯಲ್ಲಿ ಅದಕ್ಕೆ ಅಡ್ಡ ನಿಂತೆ. ಅವನು ಹುಡುಗನನ್ನು ಕಂಡ, ನನ್ನನ್ನು ಕಂಡ. ಹಿಂದಿನ ಬಾಗಿಲು ತೆಗೆದು ಮೀನಿನ ಪೆಟ್ಟಿಗೆಗಳನ್ನು ರಸ್ತೆಗೆ ಸುರಿದು ಜಾಗ ಮಾಡಿದ. ಉದಯನನ್ನು ಐಸಿನ ಪುಡಿಯ ಮೇಲೆ ಮಲಗಿಸಿದೆವು. ಕುಂದಾಪುರದವರೆಗೂ ಗಾಳಿ ಟೆಂಪೋವನ್ನು ಪಕ್ಕಕ್ಕೆ ದೂಡುತ್ತಿತ್ತು. ದಾರಿಗೆ ಅಡ್ಡ ಬಿದ್ದ ಮರದ ಕೊಂಬೆಯನ್ನು ಭಾಸ್ಕರ ಗುದ್ದಿಯೇ ಮುರಿದು ಮುಂದೆ ಹೋದ. ಐಸು ಕೆಂಪಾಗಿ ಕರಗಿ ನನ್ನ ಮಂಡಿಗೆ ಹರಿಯುತ್ತಿತ್ತು. ಮೊಣಕೈ ಕಣ್ಣೆದುರೇ ಊದುತ್ತಿತ್ತು, ಚರ್ಮ ಹಿಗ್ಗಿ ಮಿರಿಮಿರಿ ಮಿಂಚುತ್ತಿತ್ತು.

"ಎಂತ ಆದ್ದ್ ತಂಡೇಲ್ರೆ?" ಎಂದು ಭಾಸ್ಕರ ಮುಂದಿನಿಂದ ಕೂಗಿದ.

ಸುಶೀಲ ನನ್ನನ್ನೇ ನೋಡುತ್ತಿದ್ದಳು. ಉದಯನೂ ನೋಡುತ್ತಿದ್ದ. ಬಾಯಿ ತುಂಬ ಬಟ್ಟೆ.

"ಹೊಳಿಯಂಗೆ ಈಸ್ತಾ ಇದ್ದ. ಕಲ್ಲಿಗ್ ಬಡ್ದ್ಕಂಡ" ಎಂದೆ.

ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದಾಗಲೂ ಅದನ್ನೇ ಹೇಳಿದೆ. ಅಷ್ಟು ಹೊತ್ತಿಗೆ ಅದು ಸಲೀಸಾಗಿ ಬರುತ್ತಿತ್ತು. ರಕ್ತ ಬೇಕೆಂದರು. ಭಾಸ್ಕರನೇ ಮೊದಲು ತೋಳು ಚಾಚಿದ. ಊರಿಂದ ಇನ್ನಷ್ಟು ಜನ ಬಂದರು. ಕೊಟ್ಟವರೆಲ್ಲ ಹೊರಗೆ ಬಂದು ಸುಶೀಲಳಿಗೆ ಒಂದೊಂದು ಮಾತು ಹೇಳಿ ಹೋದರು. "ಅಣ್ಣ ಅಷ್ಟ್ ಜೋಪಾನ ಮಾಡ್ದ ಮಗು. ನಿಂಗ್ ಎಂತಕ್ಕೆ ಬೇಕಿತ್ತ್ ಸುಶೀಲಾ?" ಅವಳು ಬೆಂಚಿನ ತುದಿಯಲ್ಲಿ ಒದ್ದೆ ಸೀರೆಯಲ್ಲೇ ಕುಳಿತಿದ್ದಳು. ಎಲ್ಲರೂ ಹೋದ ಮೇಲೆ ನನ್ನ ಕಡೆ ತಿರುಗದೆ ಹೇಳಿದಳು: "ನಾ ಬಾಯ್ ಬಿಟ್ರೆ ಪೊಲೀಸ್ರ್ ಬತ್ರ್. ನೀನ್ ಜೈಲಿಗ್ ಹೋರೆ ಇವನ್ನ ಆಸ್ಪತ್ರೆಗ್ ಕರ್ಕಂಡ್ ಹೋಪುದ್ ಯಾರ್? ಅದ್ಕ್ ಸುಮ್ನಿದ್ದೆ. ನಿನ್ ಮೇಲಿನ್ ಪ್ರೀತಿಗಲ್ಲ."

ಹುಡುಗ ಬದುಕಿದ. ಮನೆಗೆ ಕಳಿಸುವಾಗ, ನೋವು ಇಳಿದ ಮೇಲೆ ದಿನವೂ ಕೈಯನ್ನು ಸ್ವಲ್ಪ ಸ್ವಲ್ಪ ಮಡಚಿ ಬಿಡಿಸಿ ಎಂದರು. ಮಡಚಿದಾಗ ಅವನು ನರಳುತ್ತಿದ್ದ. ನರಳಿದರೆ ಒಳಗೆ ಮತ್ತೆ ರಕ್ತ ಒಡೆಯಿತೆಂದು ನನಗೆ ಹೆದರಿಕೆ. ಪಂಚೆಯ ತುಂಡಿನಿಂದ ಅವನ ತೋಳನ್ನು ಎದೆಗೆ ಕಟ್ಟಿದೆ. ಸುಶೀಲ ಬಿಚ್ಚುವಳು, ನಾನು ಕಟ್ಟುವೆ. ಒಂದು ದಿನ ಅವಳ ಕೈಯನ್ನು ತಿರುಚಿ ಪಕ್ಕಕ್ಕೆ ತಳ್ಳಿಯೇ ಕಟ್ಟಿದೆ. ಮಳೆ ಮುಗಿಯುವ ಹೊತ್ತಿಗೆ ಮೊಣಕೈ ಹಾಗೇ ಕೂತುಬಿಟ್ಟಿತು. ನನ್ನ ಪೆಟ್ಟಿನಿಂದ ಅರ್ಧ ಹಾಳಾದದ್ದನ್ನು ನನ್ನ ಜೋಪಾನ ಪೂರ್ತಿ ಮಾಡಿತು.

ನವರಾತ್ರಿ ಕಳೆದು ಕಡಲು ತಣ್ಣಗಾಯಿತು. ಕೈರಂಪಣಿ ಬಿಟ್ಟೆವು. ಹಗ್ಗ ಎಳೆಯುವವರ ಸಾಲಿನ ಕೊನೆಯಲ್ಲಿ ಉದಯ ಬಂದು ನಿಂತ. ಬಾಗಿದ ತೋಳಿನ ಸಂದಿಗೆ ಹಗ್ಗ ಸಿಕ್ಕಿಸಿಕೊಂಡು ಎಡಗೈಯಿಂದ ಹಿಡಿದ. ಅವನ ಹಿಂದೆ ಸತೀಶ ಬಂದು ನಿಂತ. ಹುಬ್ಬಿನ ಮೇಲೆ ನಾನು ಮಾಡಿದ ಕಲೆ ಇತ್ತು. ಅಲೆ ಹಗ್ಗವನ್ನು ಎಳೆದಾಗೆಲ್ಲ ಸತೀಶ ಹಿಂದೆ ವಾಲಿ ಭಾರವನ್ನು ತನ್ನ ಮೇಲೆ ತೆಗೆದುಕೊಳ್ಳುತ್ತಿದ್ದ. ಯಾರೂ ಅವನಿಗೆ ಹೇಳಿಕೊಟ್ಟಿರಲಿಲ್ಲ. ನಾನು ಬೇಡ ಎನ್ನಲಿಲ್ಲ. ಎನ್ನುವ ಮುಖ ಇರಲಿಲ್ಲ.

ಬಲೆ ತುಂಬ ಬಂಗುಡೆ. ಪಾಲು ಹಾಕುವವನು ನಾನು. ಉದಯನ ಮುಂದೆ ಎರಡು ಪಾಲು ಸುರಿದೆ. ಎಲ್ಲರೂ ನೋಡಿದರು, ಪಾಪದ ಹುಡುಗ ಎಂದುಕೊಂಡು ಸುಮ್ಮನಾದರು. ಉದಯ ಕುಕ್ಕರಗಾಲಲ್ಲಿ ಕೂತು ಮೀನನ್ನು ಎರಡು ಗುಡ್ಡೆ ಮಾಡಿದ. ಒಂದನ್ನು ಬುಟ್ಟಿಗೆ ತುಂಬಿ ಅಮ್ಮನ ತಲೆಗೆ ಎತ್ತಿಸಿದ. ಇನ್ನೊಂದನ್ನು ಎಡಗೈಯಿಂದ ಬಾಚಿ ಬಾಚಿ ನನ್ನ ಕಾಲ ಬುಡಕ್ಕೆ ತಂದು ಹಾಕಿದ.

"ಇದ್ ಬೇಡ ಮಾವ. ಬಾಯ್ ಮುಚ್ಚಿ ಕೂಕಂಬುಕೆ ನಂಗ್ ಪಾಲ್ ಬೇಡ. ನಾ ಹೇಳುದಿಲ್ಲ, ನೀವೇ ಹೇಳ್ಬೇಕ್" ಎಂದು ನನಗೆ ಮಾತ್ರ ಕೇಳುವಂತೆ ಹೇಳಿದ.

ನಾನು ಹೇಳಲಿಲ್ಲ. ಆ ದಿನ ಹೇಳಲಿಲ್ಲ, ಆಮೇಲೂ ಹೇಳಲಿಲ್ಲ. ಸುಶೀಲಳ ಹೆಣ ಅಂಗಳದಲ್ಲಿದ್ದಾಗಲೂ ಒಬ್ಬರು ಆ ಕೈಯ ಕತೆ ತೆಗೆದರು. ನಾನು ತಲೆ ತಗ್ಗಿಸಿದೆ. ದುಃಖಕ್ಕೆಂದು ಜನ ತಿಳಿದರು. ಉದಯ ಎಂಜಿನ್ ರಿಪೇರಿ ಕಲಿತ, ಮದುವೆಯಾದ. ಈಗ ಸರ್ಕಾರಿ ಆಸ್ಪತ್ರೆಯಲ್ಲೇ ಇಂಜೆಕ್ಷನ್ ಸಿಗುತ್ತದೆ. ಮಗಳಿಗೂ ಈ ಕಾಯಿಲೆಯ ಎಳೆ ಇದೆ, ಗಾಯವಾದರೆ ರಕ್ತ ನಿಲ್ಲುವುದು ಸ್ವಲ್ಪ ನಿಧಾನ ಎಂದಿದ್ದಾರೆ. ಅವನು ಅವಳಿಗೆ ಸೈಕಲ್ ಕೊಡಿಸಿದ್ದಾನೆ. ಮೀನಿನ ಮುಳ್ಳು ಅವಳೇ ಬಿಡಿಸಿಕೊಳ್ಳುತ್ತಾಳೆ.

ಮೊನ್ನೆ ಬಾಯಿ ಬಿಡದೆ ಮನೆಗೆ ಬಂದವನು ಮರುದಿನ ಬೆಳಿಗ್ಗೆ ಮತ್ತೆ ಆ ದೋಣಿಯ ಹತ್ತಿರ ಹೋದೆ. ಭಾಸ್ಕರ ಎಣ್ಣೆ ಬಳಿಯುತ್ತಿದ್ದ. ಉದಯ ಪಕ್ಕದಲ್ಲಿ ಎಂಜಿನ್ ಬಿಚ್ಚಿಕೊಂಡು ಕೂತಿದ್ದ, ಮಗಳು ಮರಳಲ್ಲಿ ಆಡುತ್ತಿದ್ದಳು. ಬಲೆ ಕಟ್ಟುವ ನಾಲ್ಕೈದು ಜನ ಇದ್ದರು.

"ಭಾಸ್ಕರ, ಉದಯನ ಕೈ ಹಾಳಾದ್ದ್ ಈಸಿ ಅಲ್ಲ. ನಾ ಹುಟ್ಟ್ ತಕಂಡ್ ಹೊಡ್ದದ್ದ್. ಸುಶೀಲಂಗ್ ಹೊಡುಕ್ ಹೋದ್ದ್, ಇವ್ನಿಗ್ ಬಿತ್ತ್."

ಅವನ ಕೈಯಲ್ಲಿದ್ದ ಬ್ರಷ್ಷು ನಿಂತಿತು. "ಆ ದಿನ ಟೆಂಪೋದಂಗೆ ಹೇಳಿದ್ದ್?"

"ಸುಳ್ಳ್."

ಭಾಸ್ಕರ ನಿಧಾನವಾಗಿ ಎದ್ದು ನಿಂತ. "ಸುಶೀಲಕ್ಕನ ಹೆಣದ್ ಎದ್ರ್ ನಿಂತ್ಕಂಡ್ ನಾ ಅದೇ ಮಾತ್ ಆಡ್ದೆ. ನೀವ್ ಅಲ್ಲೇ ಇದ್ದಿದ್ರಿ. ನನ್ ಬಾಯಂಗೆ ಹೇಳ್ಸಿದ್ರಿ ಅಲ್ದಾ!" ಎಂದು ಎಣ್ಣೆಯ ಡಬ್ಬಿಯನ್ನು ಒದ್ದ. ಅದು ನನ್ನ ಪಾದದ ಮೇಲೆ ಚೆಲ್ಲಿತು. ನಾನು ಹಿಂದೆ ಸರಿಯಲಿಲ್ಲ. ಉಳಿದವರು ಒಬ್ಬೊಬ್ಬರಾಗಿ ಎದ್ದು ಹೋದರು. ಭಾಸ್ಕರ ಬ್ರಷ್ಷನ್ನು ಕಡಲಿಗೆ ಎಸೆದು ಎಲ್ಲರಿಗಿಂತ ಕೊನೆಗೆ ಹೋದ.

ಉದಯ ಎಂಜಿನ್ ಬಿಟ್ಟು ಎದ್ದು ಬಂದ. ಚಿಂದಿಗೆ ತೆಂಗಿನೆಣ್ಣೆ ಅದ್ದಿಕೊಂಡು ನನ್ನ ಮುಂದೆ ಕೂತ. ಬಾಗಿದ ಕೈಯಲ್ಲಿ ನನ್ನ ಹಿಮ್ಮಡಿ ಹಿಡಿದು ಎಡಗೈಯಿಂದ ಒರೆಸಿದ.

"ಅಳ್ಳಾಡ್ಬೇಡಿ" ಎಂದ.

ಅಷ್ಟರಲ್ಲಿ ಮಗಳು ಟವೆಲು ಹಿಡಿದು ಬಂದಳು. "ಅಪ್ಪ, ಹೊಳಿಗ್ ಹೋಪ."

ಅವನು ಚಿಂದಿ ಕೆಳಗಿಟ್ಟು ಎದ್ದ. "ನೀವೂ ಬನ್ನಿ ಮಾವ. ಇವ್ಳ್ ಹೊಟ್ಟಿ ಅಡಿಗ್ ಕೈ ಕೊಡ್ಬೇಕ್. ನಂಗೆ ಈ ಕೈ ಅಷ್ಟ್ ಕೆಳಗ್ ಹೋತಿಲ್ಲ."

ಪಾದ ಉರಿಯುತ್ತಿತ್ತು, ಉಪ್ಪುನೀರು ತಾಗಿ ಇನ್ನೂ ಉರಿಯಿತು. ಕಾಂಡ್ಲ ಗಿಡಗಳ ಮರೆಯಲ್ಲಿ, ನೀರು ಸುಳಿಯದ ಆ ಜಾಗದಲ್ಲೇ ಇಳಿದೆ. ಮಗು ನನ್ನ ಅಂಗೈಯ ಮೇಲೆ ಮಲಗಿ ಕೈಕಾಲು ಬಡಿಯುತ್ತಿತ್ತು. ಅದರ ಹೊಟ್ಟೆ ಉಸಿರಿಗೆ ಏರಿ ಇಳಿಯುವುದು ನನ್ನ ಬೆರಳಿಗೆ ತಿಳಿಯುತ್ತಿತ್ತು.

"ಈಗ ಕೈ ತೆಗಿನಿ ಮಾವ" ಎಂದ ಉದಯ.

ತೆಗೆಯಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ತೆಗೆದೆ.